ಎರಡು ಪಟ್ಟೋ, ಎರಡು ಸಲವೋ: ದಾಳದ ಆಟದಲ್ಲಿ ಪೆಟ್ಟಿನ ಲೆಕ್ಕ

ಕಳೆದ ಚಳಿಗಾಲದ ಒಂದು ಭಾನುವಾರ ಸಗಮಿಹಾರಾದ ಕೋಮಿನ್‌ಕನ್ ಒಂದರಲ್ಲಿ, ಅಂದರೆ ಬಡಾವಣೆಯ ಸಮುದಾಯ ಭವನದಲ್ಲಿ, ನಾನು ಹನ್ನೆರಡು ವರ್ಷದ ಹುಡುಗನೊಬ್ಬನ ಮಂತ್ರವಾದಿಯನ್ನು ತಪ್ಪು ಲೆಕ್ಕ ಹಾಕಿ ಸಾಯಿಸಿದೆ. ಹುಡುಗ ನನ್ನ ಮಗಳ ಸಹಪಾಠಿ. ಮಂತ್ರವಾದಿ ಕಾಗದದ ಮೇಲಿನವನು. ನಾಲ್ಕು ತಿಂಗಳಿಂದ ಆ ಹುಡುಗ ಅವನಿಗೆ ಹೆಸರು, ಊರು, ಕಳೆದುಹೋದ ಒಬ್ಬ ತಂಗಿ, ಎಲ್ಲವನ್ನೂ ಕಟ್ಟಿಕೊಟ್ಟಿದ್ದ. ಶತ್ರುವಿನ ಕತ್ತಿಯೇಟಿನ ಲೆಕ್ಕ ನಾನು ಹೇಳಿದಾಗ ಅವನು ಒಂದು ಕ್ಷಣ ಸುಮ್ಮನಿದ್ದು, 'ಶಿಕತಾ ನಾಯ್' ಎಂದ. ಏನೂ ಮಾಡುವಂತಿಲ್ಲ ಎಂದರ್ಥ. ಮಾಡುವಂಥದ್ದು ಇತ್ತು ಎಂದು ನನಗೆ ತಿಳಿದದ್ದು ರಾತ್ರಿ ಮನೆಗೆ ಬಂದು ಪುಸ್ತಕ ತೆರೆದಾಗ.

ಆ ತಪ್ಪು ಹೇಗಾಯಿತು ಎಂಬುದನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ. ಜಪಾನಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಅನೇಕರು ಈ ಆಟಗಳನ್ನು ಆಡುತ್ತಾರೆ. ಮೇಜಿನ ಸುತ್ತ ಕುಳಿತು ಅವರು ಏಕೆ ಅಷ್ಟು ಹೊತ್ತು ವಾದ ಮಾಡುತ್ತಾರೆ ಎಂದು ಬೇಸರಪಡುವ ತಂದೆತಾಯಂದಿರಿಗೂ ಇದು ಉಪಯೋಗಕ್ಕೆ ಬಂದೀತು.

ದಾಳ ಸೇರಿಸಿದ ತಾಳಮದ್ದಳೆ

ಇಂಗ್ಲಿಷಿನಲ್ಲಿ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಎನ್ನುವ ಈ ಆಟಕ್ಕೆ ಜಪಾನಿನಲ್ಲಿ 'ಟೇಬಲ್ ಟಾಕ್ ಆರ್‌ಪಿಜಿ', ಚಿಕ್ಕದಾಗಿ ಟಿಆರ್‌ಪಿಜಿ, ಎಂದು ಹೆಸರು. ಕರಾವಳಿಯ ಓದುಗರಿಗೆ ಇದನ್ನು ಒಂದೇ ಮಾತಿನಲ್ಲಿ ವಿವರಿಸಬಹುದು: ಇದು ದಾಳ ಸೇರಿಸಿದ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಶುವಾಗಿ ಮಾತಾಡುತ್ತಾರೆ. ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್ ಇರುತ್ತಾನೆ. ಪ್ರಸಂಗ ಅವನ ಕೈಯಲ್ಲಿ, ಶತ್ರುಗಳ ಪಾತ್ರವೂ ಅವನದೇ. ಒಂದೇ ವ್ಯತ್ಯಾಸವೆಂದರೆ ಯಾರು ಗೆಲ್ಲುತ್ತಾರೆ ಎಂದು ಪ್ರಸಂಗದಲ್ಲಿ ಬರೆದಿರುವುದಿಲ್ಲ. ಅದನ್ನು ದಾಳ ಹೇಳುತ್ತದೆ.

ಈ ಬಗೆಯ ಮೊದಲ ಪ್ರಕಟಿತ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು 1974ರಲ್ಲಿ ಅಮೆರಿಕದಲ್ಲಿ ಹೊರತಂದರು. 1985ರಲ್ಲಿ ಅದು ಜಪಾನಿ ಭಾಷೆಗೆ ಬಂತು. ಮರುವರ್ಷ, 1986ರಲ್ಲಿ, ಕಾಂಪ್‌ಟಿಕ್ ಎಂಬ ಪತ್ರಿಕೆ ಒಂದು ಆಟವನ್ನು ಆಡಿದಂತೆಯೇ ಮಾತುಮಾತಿಗೆ ಬರೆದು ಧಾರಾವಾಹಿಯಾಗಿ ಅಚ್ಚು ಹಾಕಿತು. ಅದರಿಂದಲೇ 'ಲೋಡೋಸ್ ದ್ವೀಪದ ಯುದ್ಧ' ಎಂಬ ಕಾದಂಬರಿ ಸರಣಿ ಹುಟ್ಟಿ ಇಲ್ಲಿ ಮನೆಮಾತಾಯಿತು.

ಪ್ರತಿ ಪಾತ್ರಕ್ಕೂ ಹಿಟ್ ಪಾಯಿಂಟ್ ಎಂಬ ಒಂದು ಸಂಖ್ಯೆ ಇರುತ್ತದೆ. ಈ ಲೇಖನದಲ್ಲಿ ಅದನ್ನು ಜೀವದಂಕ ಎನ್ನುತ್ತೇನೆ. ಏಟು ಬಿದ್ದಾಗ ಜೀವದಂಕ ಇಳಿಯುತ್ತದೆ. ಎಷ್ಟು ಇಳಿಯಬೇಕು ಎನ್ನುವ ಲೆಕ್ಕವೇ ಪೆಟ್ಟಿನ ಲೆಕ್ಕ. 1974ರ ಮೂಲ ನಿಯಮದಲ್ಲಿ ಯಾವ ಆಯುಧಕ್ಕಾದರೂ ಆರು ಮುಖದ ಒಂದು ದಾಳ ಅಷ್ಟೇ. ಚೂರಿಯೂ ಒಂದೇ, ಗಂಡುಗೊಡಲಿಯೂ ಒಂದೇ. ಆಯುಧಕ್ಕೊಂದು ದಾಳ ಎಂಬ ಪದ್ಧತಿ 1975ರ ಗ್ರೇಹಾಕ್ ಎಂಬ ಪುರವಣಿಯಿಂದ ಶುರುವಾಯಿತು.

ಸಂಕೇತ ಓದುವ ಬಗೆ

ನನ್ನ ಶತ್ರುವಿನ ಕತ್ತಿಯ ಪೆಟ್ಟು 1ಡಿ8+3. 'ಡಿ' ಎಂದರೆ ದಾಳ. ಅದರ ಎಡಕ್ಕಿರುವುದು ಎಷ್ಟು ದಾಳ ಎಂಬುದು, ಬಲಕ್ಕಿರುವುದು ದಾಳಕ್ಕೆ ಎಷ್ಟು ಮುಖ ಎಂಬುದು. ಎಂಟು ಮುಖದ ಒಂದು ದಾಳ ಎಸೆದು, ಬಿದ್ದ ಗರಕ್ಕೆ 3 ಕೂಡಿಸಬೇಕು. ಆ 3 ತೋಳ್ಬಲದ ಲೆಕ್ಕ. ಅದು ಬದಲಾಗುವುದಿಲ್ಲ. ಹೀಗಾಗಿ ಪೆಟ್ಟು ಕನಿಷ್ಠ 4, ಗರಿಷ್ಠ 11, ಸರಾಸರಿ 7.5.

ಏಟು ತಗುಲಿತೋ ಇಲ್ಲವೋ ಎಂದು ನೋಡಲು ಮೊದಲೇ ಇಪ್ಪತ್ತು ಮುಖದ ದಾಳವೊಂದನ್ನು ಎಸೆಯಬೇಕು. ಅದರಲ್ಲಿ 20 ಬಿದ್ದರೆ ಏಟು ಮರ್ಮಕ್ಕೆ ತಗುಲಿದೆ ಎಂದರ್ಥ. ಇದನ್ನು ಕ್ರಿಟಿಕಲ್ ಎನ್ನುತ್ತಾರೆ. ಆಗ ಪೆಟ್ಟು 'ಡಬಲ್' ಎಂದು ಆಟಗಾರರೆಲ್ಲ ಬಾಯಿಮಾತಿನಲ್ಲಿ ಹೇಳುತ್ತಾರೆ. ಜಗಳವೆಲ್ಲ ಇರುವುದು ಈ ಡಬಲ್ ಎಂಬ ಮಾತಿನಲ್ಲಿ.

ಕನ್ನಡದಲ್ಲಿ ಎರಡು ಪಟ್ಟು ಬೇರೆ, ಎರಡು ಸಲ ಬೇರೆ. 'ಎರಡು ಪಟ್ಟು ಉಪ್ಪು' ಎಂದರೆ ಅಳತೆ. 'ಎರಡು ಸಲ ಉಪ್ಪು ಹಾಕು' ಎಂದರೆ ಕೆಲಸ. ಜಪಾನಿ ಭಾಷೆಯಲ್ಲೂ ಹಾಗೆಯೇ: ನಿಬಾಯ್ ಎಂದರೆ ಎರಡು ಪಟ್ಟು, ನಿಕಾಯ್ ಎಂದರೆ ಎರಡು ಸಲ. ಒಂದು ಅಕ್ಷರದ ಅಂತರ. ಇಂಗ್ಲಿಷಿನ ಡಬಲ್ ಎಂಬ ಮಾತು ಬಾಯಿಗೆ ಬಂದಾಗ ಈ ಅಂತರ ಮರೆತುಹೋಗುತ್ತದೆ.

ಒಂದೇ ಆಟ, ಮೂರು ನಿಯಮ

ನಾನು ಈ ಆಟ ಕಲಿತದ್ದು ಬೆಂಗಳೂರಿನಲ್ಲಿ ಓದುತ್ತಿದ್ದಾಗ, 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ. ಅದರ ನಿಯಮದಂತೆ ಕ್ರಿಟಿಕಲ್ ಬಿದ್ದರೆ, ಸಾಮಾನ್ಯ ಕತ್ತಿಗೆ, ಪೆಟ್ಟನ್ನು ಎರಡು ಸಲ ಎಸೆಯಬೇಕು. ಎರಡೂ ಸಲ ತೋಳ್ಬಲವನ್ನು ಕೂಡಿಸಬೇಕು. ಅಂದರೆ 2ಡಿ8+6. ಕನಿಷ್ಠ 8, ಗರಿಷ್ಠ 22, ಸರಾಸರಿ 15.

2008ರ ನಾಲ್ಕನೆಯ ಆವೃತ್ತಿಯಲ್ಲಿ ಎರಡನೆಯ ಎಸೆತವೇ ಇಲ್ಲ. ದಾಳದ ಅತಿ ದೊಡ್ಡ ಗರವೇ ಬಿತ್ತು ಎಂದಿಟ್ಟುಕೊಳ್ಳಬೇಕು. ನಮ್ಮ ಕತ್ತಿಗೆ 8+3, ಅಂದರೆ ಸದಾ 11.

2014ರ ಐದನೆಯ ಆವೃತ್ತಿ ಎಲ್ಲ ಪೆಟ್ಟಿನ ದಾಳಗಳನ್ನೂ ಎರಡು ಸಲ ಎಸೆಯಲು ಹೇಳುತ್ತದೆ. ತೋಳ್ಬಲವನ್ನು ಮಾತ್ರ ಒಂದೇ ಸಲ ಕೂಡಿಸಬೇಕು. ಅಂದರೆ 2ಡಿ8+3. ಕನಿಷ್ಠ 5, ಗರಿಷ್ಠ 19, ಸರಾಸರಿ 12. ಮಕ್ಕಳು ಆಡುವುದು ಇದನ್ನೇ. ಇದರ ಜಪಾನಿ ಆವೃತ್ತಿ 2017ರಲ್ಲಿ ಬಂತು.

ನಾನು ಮಾಡಿದ್ದು ಈ ಮೂರರಲ್ಲಿ ಯಾವುದೂ ಅಲ್ಲ. ಒಂದೇ ದಾಳ ಎಸೆದೆ, 6 ಬಿತ್ತು. ಅದಕ್ಕೆ 3 ಕೂಡಿಸಿದೆ, 9 ಆಯಿತು. ಡಬಲ್ ಎಂದು 18 ಅಂದೆ. ಮೂರನೆಯ ಆವೃತ್ತಿಯಲ್ಲಿ ತೋಳ್ಬಲವೂ ಎರಡು ಸಲ ಬರುತ್ತಿತ್ತು ಎಂಬ ಹಳೆಯ ನೆನಪು ಒಂದು ಕಡೆ, ಎರಡನೇ ಸಲ ಎಸೆಯುವ ಸೋಮಾರಿತನ ಇನ್ನೊಂದು ಕಡೆ. ಎರಡೂ ಸೇರಿ ಒಂದು ಹೊಸ ನಿಯಮ ಹುಟ್ಟಿತು.

ಹುಡುಗನ ಮಂತ್ರವಾದಿಗೆ ಇದ್ದ ಜೀವದಂಕ 14. ಕ್ರಿಟಿಕಲ್ ಏಟಿಗೆ ಅವನು ಬೀಳುವ ಸಾಧ್ಯತೆಯನ್ನು ಒಂದೊಂದು ನಿಯಮದಲ್ಲೂ ಲೆಕ್ಕ ಹಾಕೋಣ. ಎರಡು ದಾಳಕ್ಕೆ 64 ಬಗೆಯ ಫಲಿತಾಂಶಗಳಿವೆ. ಮೂರನೆಯ ಆವೃತ್ತಿಯಲ್ಲಿ ಎರಡು ಗರಗಳ ಮೊತ್ತ 8 ಅಥವಾ ಹೆಚ್ಚು ಆಗಬೇಕು. 64ರಲ್ಲಿ 43 ಸಲ ಹಾಗಾಗುತ್ತದೆ. ನಾಲ್ಕನೆಯದರಲ್ಲಿ ಅವನು ಬೀಳುವುದೇ ಇಲ್ಲ, 11 ಪೆಟ್ಟಿಗೆ 3 ಅಂಕ ಉಳಿಯುತ್ತದೆ. ಐದನೆಯದರಲ್ಲಿ ಮೊತ್ತ 11 ಅಥವಾ ಹೆಚ್ಚು ಬೇಕು. 64ರಲ್ಲಿ 21 ಸಲ ಮಾತ್ರ. ನನ್ನ ಸ್ವಂತ ನಿಯಮದಲ್ಲಿ ಒಂದು ದಾಳದಲ್ಲಿ 4 ಅಥವಾ ಹೆಚ್ಚು ಬಿದ್ದರೆ ಸಾಕು: 8ರಲ್ಲಿ 5, ಅಂದರೆ 64ರಲ್ಲಿ 40. ಹೆಚ್ಚುಕಡಿಮೆ ಇಮ್ಮಡಿ ಅಪಾಯಕ್ಕೆ ಅವನನ್ನು ನಾನು ಒಡ್ಡಿದ್ದೆ.

ಇನ್ನೂ ಸರಿಯಾಗಿ ಹೇಳುವುದಾದರೆ, ಮೊದಲ ದಾಳದಲ್ಲಿ 6 ಬಿದ್ದ ಮೇಲೆ, 6+3ಕ್ಕೆ ಎರಡನೇ ದಾಳದ ಗರ ಸೇರಬೇಕಿತ್ತು. ಅದರಲ್ಲಿ 1ರಿಂದ 4ರವರೆಗೆ ಏನು ಬಿದ್ದರೂ ಅವನು ಉಳಿಯುತ್ತಿದ್ದ. ಸರಿಯಾಗಿ ಅರ್ಧಕ್ಕರ್ಧ. ಆ ಎರಡನೇ ದಾಳವನ್ನು ನಾನು ಹಾಕಲೇ ಇಲ್ಲ.

ತೋಳ್ಬಲ ಬಿಟ್ಟು ಗರವನ್ನು ಮಾತ್ರ ಇಮ್ಮಡಿಸಿದರೆ ಆಗದೇ, ಸರಾಸರಿ ಅದೇ 12 ಬರುತ್ತದಲ್ಲ ಎಂದು ಕೇಳಬಹುದು. ಸರಾಸರಿ ಒಂದೇ, ನಿಜ. ಆದರೆ ಎರಡು ದಾಳ ಎಸೆದಾಗ ಅತಿ ದೊಡ್ಡ ಪೆಟ್ಟು 19 ಬೀಳುವುದು 64ಕ್ಕೊಂದು ಸಲ. ಒಂದೇ ದಾಳವನ್ನು ಇಮ್ಮಡಿಸಿದಾಗ 8ಕ್ಕೊಂದು ಸಲ. ಎರಡು ದಾಳಗಳಲ್ಲಿ ಒಂದು ಮೇಲೆ ಹೋದರೆ ಇನ್ನೊಂದು ಅದನ್ನು ಕೆಳಕ್ಕೆಳೆಯುವ ಅವಕಾಶ ಇರುತ್ತದೆ. ಇಮ್ಮಡಿಸಿದ ಒಂಟಿ ದಾಳಕ್ಕೆ ಆ ಕಡಿವಾಣವಿಲ್ಲ.

ಒಂದು ಬೆಂಕಿ, ಹಲವು ಮಂದಿ

ಎರಡನೆಯ ದೊಡ್ಡ ವಾದ ಒಂದೇ ಸಲ ಹಲವರಿಗೆ ತಗುಲುವ ಪೆಟ್ಟಿನದು. ಅಗ್ನಿಗೋಲ ಎಂಬ ಮಂತ್ರದ ಪೆಟ್ಟು 8ಡಿ6, ಸರಾಸರಿ 28. ನಾಲ್ವರು ಅದರಲ್ಲಿ ಸಿಕ್ಕರೆ ಒಬ್ಬೊಬ್ಬರಿಗೂ ಬೇರೆ ಬೇರೆ ಎಸೆಯಬೇಕೋ, ಎಲ್ಲರಿಗೂ ಒಂದೇ ಎಸೆತವೋ? ಐದನೆಯ ಆವೃತ್ತಿಯ ಉತ್ತರ ಸ್ಪಷ್ಟ: ಏಕಕಾಲಕ್ಕೆ ಹಲವರಿಗೆ ತಗುಲುವುದಾದರೆ ಒಂದೇ ಎಸೆತ.

ಇದು ಹೊತ್ತು ಉಳಿಸುವ ಉಪಾಯವಷ್ಟೇ ಅಲ್ಲ, ಫಲವೂ ಬದಲಾಗುತ್ತದೆ. ತಲಾ 28 ಜೀವದಂಕದ ಇಬ್ಬರಿದ್ದಾರೆ ಎನ್ನಿ. 28 ಅಥವಾ ಹೆಚ್ಚು ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 54. ಒಂದೇ ಎಸೆತವಾದರೆ ಇಬ್ಬರೂ ಒಟ್ಟಿಗೆ ಬೀಳುವ ಸಾಧ್ಯತೆಯೂ ಅದೇ 54. ಬೇರೆ ಬೇರೆ ಎಸೆದರೆ ಇಬ್ಬರೂ ಬೀಳುವುದು ನೂರಕ್ಕೆ ಸುಮಾರು 29 ಸಲ. ಉಳಿದಾಗಲೆಲ್ಲ ಒಬ್ಬನಾದರೂ ಎದ್ದಿರುತ್ತಾನೆ, ಇನ್ನೊಬ್ಬನನ್ನು ಎತ್ತುತ್ತಾನೆ. ಒಂದೇ ಎಸೆತ ಎಲ್ಲರ ಹಣೆಬರಹವನ್ನೂ ಒಂದೇ ಗಂಟು ಹಾಕುತ್ತದೆ.

ಅರ್ಧ ಮಾಡುವುದು, ಕಳೆಯುವುದು

ಮಂತ್ರದಿಂದ ಪಕ್ಕಕ್ಕೆ ಹಾರಿಕೊಂಡವನಿಗೆ ಅರ್ಧ ಪೆಟ್ಟು. ಬೆಂಕಿ ತಡೆಯುವ ಮೈಯವನಿಗೆ ಅದರಲ್ಲೂ ಅರ್ಧ. 27 ಬಿದ್ದರೆ 13, ಆಮೇಲೆ 6. ಮಿಕ್ಕ ಅರೆಪಾಲನ್ನು ಬಿಟ್ಟುಬಿಡಬೇಕು. ಜಪಾನಿ ಭಾಷೆಯಲ್ಲಿ ಇದಕ್ಕೆ 'ಹಸೂ ಕಿರಿಸುತೆ' ಎನ್ನುತ್ತಾರೆ, ಚೂರನ್ನು ಕತ್ತರಿಸಿ ಎಸೆ ಎಂದು. ನಮ್ಮ ಶಾಲೆಯಲ್ಲಿ ಅರ್ಧ ಬಂದರೆ ಮೇಲಕ್ಕೇರಿಸಲು ಕಲಿಸಿದ್ದರು. ಇಲ್ಲಿ ಸದಾ ಕೆಳಕ್ಕೆ.

ಒಂದು ಕಡೆ ಕಳೆಯುವ ರಕ್ಷೆ, ಇನ್ನೊಂದು ಕಡೆ ಅರ್ಧ ಮಾಡುವ ರಕ್ಷೆ ಎರಡೂ ಇದ್ದಾಗ ಯಾವುದು ಮೊದಲು? ಪೆಟ್ಟು 17, ಕಳೆಯಬೇಕಾದದ್ದು 4 ಎನ್ನಿ. ಮೊದಲು ಕಳೆದು ಆಮೇಲೆ ಅರ್ಧ ಮಾಡಿದರೆ 13ರ ಅರ್ಧ 6. ಮೊದಲು ಅರ್ಧ ಮಾಡಿ ಆಮೇಲೆ ಕಳೆದರೆ 8ರಲ್ಲಿ 4 ಹೋಗಿ 4. ಐದನೆಯ ಆವೃತ್ತಿ ಮೊದಲ ಕ್ರಮವನ್ನು ಹೇಳುತ್ತದೆ: ಕೂಡುವುದು ಕಳೆಯುವುದೆಲ್ಲ ಮುಗಿದ ಮೇಲೆಯೇ ಅರ್ಧ. ಅರ್ಧ ಮಾಡುವ ರಕ್ಷೆಗಳು ಒಂದೇ ಬಗೆಯ ಪೆಟ್ಟಿಗೆ ಎರಡಿದ್ದರೂ ಒಂದೆಂದೇ ಎಣಿಕೆ. ಇಂಥ ಕಡೆ ನಿಯಮದ ಒಂದು ಸಾಲು ತಪ್ಪಿ ಓದಿದರೆ ಎರಡು ಅಂಕ ಆಚೀಚೆ. ಒಂದೇ ಅಂಕದಲ್ಲಿ ಉಸಿರಾಡುತ್ತಿರುವವನಿಗೆ ಎರಡು ಅಂಕ ಸಣ್ಣದಲ್ಲ.

ಜಪಾನಿನ ಆಟ, ನಮ್ಮ ಚೌಕಾಬಾರಾ

ಮಕ್ಕಳ ಜಪಾನಿ ಗೆಳೆಯರು ಇನ್ನೂ ಎರಡು ಆಟಗಳನ್ನು ಆಡುತ್ತಾರೆ. ಒಂದು ಸ್ವೋರ್ಡ್ ವರ್ಲ್ಡ್. ಗ್ರೂಪ್ ಎಸ್‌ಎನ್‌ಇ ಎಂಬ ತಂಡ ಅದನ್ನು 1989ರಲ್ಲಿ ಹೊರತಂದಿತು. ಇಲ್ಲಿ ಎಂಟು, ಹನ್ನೆರಡು, ಇಪ್ಪತ್ತು ಮುಖದ ದಾಳಗಳಿಲ್ಲ. ಯಾವ ಅಂಗಡಿಯಲ್ಲೂ ಸಿಗುವ, ಒಂದರ ಚುಕ್ಕೆ ಕೆಂಪಗಿರುವ ಮಾಮೂಲಿ ಜಪಾನಿ ದಾಳ ಎರಡಿದ್ದರೆ ಸಾಕು. ಎರಡನ್ನೂ ಎಸೆದು ಮೊತ್ತವನ್ನು ಒಂದು ಕೋಷ್ಟಕದಲ್ಲಿ ನೋಡಬೇಕು. ಆಯುಧ ಬಲವಾದಷ್ಟೂ ಕೋಷ್ಟಕದ ಸಾಲು ದೊಡ್ಡದು. ಸಿಕ್ಕ ಅಂಕಕ್ಕೆ ತೋಳ್ಬಲ ಕೂಡಿಸಿ, ಎದುರಾಳಿಯ ಕವಚದ ಅಂಕ ಕಳೆಯಬೇಕು.

ಇದರಲ್ಲಿ ಮರ್ಮದೇಟು ಇಮ್ಮಡಿಯಾಗುವುದಿಲ್ಲ. ಮೊತ್ತ ಸಾಮಾನ್ಯವಾಗಿ 10 ಅಥವಾ ಹೆಚ್ಚು ಬಿದ್ದರೆ ಮತ್ತೆ ಎಸೆದು ಕೋಷ್ಟಕದ ಅಂಕವನ್ನು ಕೂಡಿಸುತ್ತ ಹೋಗಬೇಕು, 10 ಬೀಳುವುದು ನಿಲ್ಲುವವರೆಗೆ. ತೋಳ್ಬಲ ಮಾತ್ರ ಕೊನೆಗೆ ಒಂದೇ ಸಲ. ಎರಡು ದಾಳದಲ್ಲಿ 10 ಅಥವಾ ಹೆಚ್ಚು ಬೀಳುವುದು ಆರಕ್ಕೊಂದು ಸಲ.

ಇದನ್ನು ಕೇಳಿದಾಗ ನನ್ನ ತಾಯಿಗೆ ಫೋನಿನಲ್ಲಿ ವಿವರಿಸುವುದೇ ಬೇಕಾಗಲಿಲ್ಲ. 'ಗರ ಬಿದ್ದರೆ ಇನ್ನೊಂದು ಆಟ, ಅಷ್ಟೇ ತಾನೆ' ಎಂದರು. ಚೌಕಾಬಾರಾದಲ್ಲಿ ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು. ಎರಡಕ್ಕೂ ಮತ್ತೊಂದು ಸಲ ಆಡುವ ಹಕ್ಕು. ಎದುರಾಳಿಯ ಕಾಯಿ ಹೊಡೆದರೂ ಹಾಗೆಯೇ. ಕವಡೆ ಅಂಗಾತವೂ ಮಗುಚಿಯೂ ಸಮಸಮವಾಗಿ ಬೀಳುವುದಾದರೆ ಮರುಆಟ ಎಂಟಕ್ಕೊಂದು ಸಲ. ಆದರೆ ಕವಡೆಗೆ ಅಂಥ ನಿಷ್ಪಕ್ಷಪಾತವಿಲ್ಲ, ಅದರ ಹೊಟ್ಟೆ ಬೆನ್ನು ಎರಡೂ ಬೇರೆ ಆಕಾರ. ಸತತ ಮೂರು ಗರ ಬಿದ್ದರೆ ಎಲ್ಲವೂ ರದ್ದೋ ಅಲ್ಲವೋ ಎಂಬುದು ಮನೆಯಿಂದ ಮನೆಗೆ ಬೇರೆ. ಅದಕ್ಕೇ ಹೊಸಬರು ಬಂದಾಗ ಅಜ್ಜಿ ಕವಡೆ ಕೈಗೆ ಕೊಡುವ ಮುನ್ನ 'ನಮ್ಮನೇಲಿ ಹೀಗೆ' ಎಂದು ಹೇಳಿಯೇ ಕೊಡುತ್ತಿದ್ದರು.

ಇನ್ನೊಂದು ಆಟ ಕಾಲ್ ಆಫ್ ಕ್ಥುಲು. ಜಪಾನಿನಲ್ಲಿ ಬಹಳ ಜನಪ್ರಿಯವಾದ ಇದರ ಏಳನೆಯ ಆವೃತ್ತಿ ಜಪಾನಿ ಭಾಷೆಯಲ್ಲಿ 2019ರಲ್ಲಿ ಬಂತು. ಇಲ್ಲಿ ಪಾತ್ರಗಳು ಪತ್ರಕರ್ತ, ವೈದ್ಯೆ ಮುಂತಾದ ಸಾಮಾನ್ಯರು. ಜೀವದಂಕ 11ರ ಆಸುಪಾಸು, ಅದು ಬೆಳೆಯುವಂಥದ್ದೂ ಅಲ್ಲ. ಸಣ್ಣ ಚೂರಿಗೆ 1ಡಿ4, ಗಟ್ಟಿ ಆಳು ಬೀಸಿದರೆ ಇನ್ನೂ 1ಡಿ4. ಮಾಮೂಲಿ ಏಟು 2ರಿಂದ 8. ಆದರೆ ಅತ್ಯುತ್ತಮ ಯಶಸ್ಸು ಬಿದ್ದರೆ, ಇರಿಯುವ ಆಯುಧವಾದ್ದರಿಂದ, ಎರಡೂ ದಾಳದ ಗರಿಷ್ಠ ಅಂಕ ಹಿಡಿದು ಅದರ ಮೇಲೆ ಆಯುಧದ ದಾಳ ಮತ್ತೊಮ್ಮೆ: 8+1ಡಿ4, ಅಂದರೆ 9ರಿಂದ 12. 11 ಅಂಕದವನು ಅರ್ಧಕ್ಕರ್ಧ ಸಲ ಅಲ್ಲೇ ಮುಗಿದ. ಇಲ್ಲಿ ಚೂರಿಯನ್ನು ಕಂಡರೆ ಓಡಬೇಕು ಎಂದು ಆಟ ಕಲಿಸುವುದು ಭಾಷಣದಿಂದಲ್ಲ, ಈ ಲೆಕ್ಕದಿಂದ. ಪೆಟ್ಟಿನ ನಿಯಮ ಬದಲಾದರೆ ಕಥೆಯ ಜಾತಿಯೇ ಬದಲಾಗುತ್ತದೆ.

ಎಸೆತಕ್ಕೆ ಮುಂಚೆ, ಎಸೆತಕ್ಕೆ ಆಮೇಲೆ

ಜಪಾನಿನ ಶಿರಾಕಾವಾ ಚಕ್ರವರ್ತಿ (1053–1129) ತನ್ನ ಮಾತು ಕೇಳದವು ಮೂರೇ ಎಂದು ಗೊಣಗಿದನೆಂದು ಪ್ರತೀತಿ: ಕಾಮೋ ನದಿಯ ನೀರು, ಸುಗೊರೊಕು ಆಟದ ದಾಳ, ಬೆಟ್ಟದ ಮಠದ ಸನ್ಯಾಸಿಗಳು. ದಾಳ ಯಾರ ಮಾತೂ ಕೇಳುವುದಿಲ್ಲ, ನಿಜ. ಆದರೆ ಬಿದ್ದ ಗರಕ್ಕೆ ಏನು ಅರ್ಥ ಎಂಬುದು ದಾಳದ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.

ಕನ್ನಡಿಗರಿಗೆ ಇದನ್ನು ಹೇಳಬೇಕಾಗಿಲ್ಲ. ಸಭಾಪರ್ವದ ದ್ಯೂತದಲ್ಲಿ ಪಣ ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ. ಇದು ಸರಿಯೇ ಎಂಬ ಪ್ರಶ್ನೆ ಆಟಕ್ಕೆ ಮುಂಚೆಯೇ ಎದ್ದಿತು, ಆದರೂ ಧರ್ಮರಾಯ ಒಪ್ಪಿ ಕೂತ. ದ್ರೌಪದಿಯ ಪ್ರಶ್ನೆ ಆಮೇಲಿನದು: ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಇತ್ತೇ? ಭೀಷ್ಮನಿಗೂ ಉತ್ತರ ಹೊಳೆಯಲಿಲ್ಲ. ಇಲ್ಲ ಎಂದು ಎದ್ದು ಹೇಳಿದವನು ವಿಕರ್ಣ. ಆ ಸಭೆಯ ಅನ್ಯಾಯವನ್ನು ಮಕ್ಕಳ ಆಟಕ್ಕೆ ಹೋಲಿಸುವುದು ನನ್ನ ಉದ್ದೇಶವಲ್ಲ. ಎಸೆತಕ್ಕೆ ಮುಂಚೆ ಕೇಳಿದ ಪ್ರಶ್ನೆ ನಿಯಮದ ಪ್ರಶ್ನೆ. ಎಸೆದ ಮೇಲೆ ಕೇಳಿದರೆ ಅದು ಬಲದ ಪ್ರಶ್ನೆಯಾಗಿಬಿಡುತ್ತದೆ, ಅಷ್ಟೇ ನಾನು ಹೇಳಬೇಕೆಂದಿರುವುದು. ಗೇಮ್ ಮಾಸ್ಟರ್ ಆಗಿ ಕೂತವನ ಕೈಯಲ್ಲಿ ಬಲವಿದೆ. ಹನ್ನೆರಡು ವರ್ಷದವನು 'ಶಿಕತಾ ನಾಯ್' ಎನ್ನುವುದು ಲೆಕ್ಕ ಒಪ್ಪಿಗೆಯಾಗಿ ಅಲ್ಲ, ಹೇಳಿದವನು ದೊಡ್ಡವನು ಎಂದು.

ಈಗ ನಮ್ಮ ಗುಂಪಿನಲ್ಲಿ ಆಟಕ್ಕೆ ಮುಂಚೆ ಐದು ಪ್ರಶ್ನೆಗಳಿಗೆ ಉತ್ತರವನ್ನು ಬಿಳಿಹಲಗೆಯ ಮೇಲೆ ಬರೆಯುತ್ತೇವೆ. ಕ್ರಿಟಿಕಲ್‌ನಲ್ಲಿ ಎರಡಾಗುವುದು ದಾಳವೋ, ಗರವೋ, ಮೊತ್ತವೋ? ತೋಳ್ಬಲ ಎಷ್ಟು ಸಲ? ಹಲವರಿಗೆ ತಗುಲಿದರೆ ಎಸೆತ ಒಂದೋ ಹಲವೋ? ಕಳೆಯುವುದು ಮೊದಲೋ ಅರ್ಧ ಮೊದಲೋ? ಚೂರು ಮೇಲಕ್ಕೋ ಕೆಳಕ್ಕೋ? ಪುಸ್ತಕದಲ್ಲಿ ಉತ್ತರವಿದ್ದರೆ ಅದೇ. ಬೇರೆ ಬೇಕೆಂದರೆ ಎಲ್ಲರೂ ಒಪ್ಪಿ ಬದಲಾಯಿಸಬಹುದು, ಆದರೆ ದಾಳ ಕೈಗೆತ್ತಿಕೊಳ್ಳುವ ಮುಂಚೆ.

ಮುಂದಿನ ತಿಂಗಳ ಭಾನುವಾರ ನಾನು ಆ ಹುಡುಗನಿಗೆ ತಪ್ಪೊಪ್ಪಿಕೊಂಡೆ. ಒಂದು ದಾಳ ಬಾಕಿ ಇದೆ ಎಂದೆ. ಮಂತ್ರವಾದಿ ಬದುಕಿದ ಎಂದು ಬರೆದುಕೊಂಡುಬಿಡು ಎಂದೂ ಹೇಳಿದೆ. ಅವನು ಒಪ್ಪಲಿಲ್ಲ. ಬಿದ್ದ ಮೇಲೆ ಪ್ರಾಣ ಉಳಿಸಿಕೊಳ್ಳಲು ಅಂದು ಅವನು ಎಸೆದಿದ್ದ ಮೂರು ಎಸೆತಗಳೂ ಸೋತಿದ್ದವು. 'ಐದು ಅಥವಾ ಹೆಚ್ಚು ಬಿದ್ದರೆ ಆ ಮೂರೂ ಹಾಗೇ ಇರಲಿ, ನಾನು ಸತ್ತೆ. ನಾಲ್ಕು ಅಥವಾ ಕಡಿಮೆಯಾದರೆ ಎದ್ದೆ' ಎಂದು ತಾನೇ ಮೊದಲು ಹೇಳಿ, ಎಲ್ಲರ ಮುಖ ನೋಡಿ, ದಾಳವನ್ನು ನನ್ನ ಕೈಗೆ ಕೊಟ್ಟ.

ಎಸೆದೆ. 6 ಬಿತ್ತು. ಒಟ್ಟು 15. ಅವನು ದಾಳವನ್ನು ಬಗ್ಗಿ ಹತ್ತಿರದಿಂದ ನೋಡಿ, 'ಸರಿ' ಎಂದು ಕನ್ನಡದಲ್ಲೇ ಹೇಳಿದ; ಆ ಮಾತನ್ನು ನನ್ನ ಮಗಳಿಂದ ಕಲಿತಿದ್ದಾನೆ. ಆಮೇಲೆ ಚೀಲದಿಂದ ಹೊಸ ಹಾಳೆಯೊಂದನ್ನು ತೆಗೆದು, ಕಳೆದುಹೋಗಿದ್ದ ಆ ತಂಗಿಯ ಹೆಸರನ್ನು ಮೇಲ್ಗಡೆ ಬರೆದು, ಅವಳ ಜೀವದಂಕದ ಲೆಕ್ಕ ಹಾಕತೊಡಗಿದ.